ಮಾರಿಸ್ ಮೈನರಿಗೊಂದು ಸೀರೆ

ದೇವೀರಪ್ಪ ನನ್ನನ್ನು ಮೊದಲು ನೋಡಿದ್ದು ಕಾಲಿನಿಂದ.

ಅವನು ಕಾರಿನ ಅಡಿ ಮಲಗಿದ್ದ. ಗ್ರೀಸ್ ಮೆತ್ತಿದ ಖಾಕಿ ಪ್ಯಾಂಟು, ಸವೆದ ಹವಾಯಿ ಚಪ್ಪಲಿ, ಅಷ್ಟೇ ಹೊರಗೆ ಕಾಣುತ್ತಿದ್ದದ್ದು. ಅತ್ತೆ ಕೊಟ್ಟ ಕಾಫಿ ಲೋಟ ಹಿಡಿದು ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ.

"ಕೆಂಚಪ್ಪಾ, ಆ ದೊಡ್ ಸ್ಪ್ಯಾನರ್ ಇತ್ಲಾಗ್ ಕೊಡೋ."

ಕೆಂಚಪ್ಪ ನಮ್ಮ ಮನೆಯ ಆಳು. ಅವನು ಆ ಹೊತ್ತಿಗೆ ತೆಂಗಿನ ತೋಟದಲ್ಲಿದ್ದ. ಸ್ಪ್ಯಾನರನ್ನು ನಾನೇ ಎತ್ತಿ ಕೊಟ್ಟೆ.

"ಇದಲ್ಲ ಕಣೋ, ಇದರಪ್ಪ. ಪಕ್ಕದಲ್ಲೇ ಐತೆ ನೋಡು."

ಇನ್ನೊಂದನ್ನು ಕೊಟ್ಟೆ.

"ಏನಪ್ಪಾ, ಇವತ್ ಬಾಯಿಗೆ ಬೀಗ ಹಾಕ್ಕಂಡಿದೀಯಾ? ಮನೇಲಿ ಜಗಳಾನಾ?"

ನಾನು ಬಗ್ಗಿ ಕಾಫಿ ಲೋಟವನ್ನು ಅವನ ಕೈಗೆಟುಕುವಂತೆ ನೆಲದ ಮೇಲಿಟ್ಟೆ. ಕಬ್ಬಿಣದ ಸದ್ದು ನಿಂತಿತು. ಅಡಿಯಿಂದ ಅವನಿಗೆ ನನ್ನ ಪಾದ ಕಂಡಿರಬೇಕು. ಎರಡನೇ ಬೆರಳಿನಲ್ಲಿ ಕಾಲುಂಗುರವಿದ್ದ ಜಾಗದಲ್ಲಿ ಒಂದು ಬಿಳಿ ಗೆರೆ ಉಳಿದಿತ್ತು. ಉಂಗುರ ತೆಗೆದು ಮೂರು ವರ್ಷವಾದರೂ ಅದು ಹೋಗಿರಲಿಲ್ಲ.

ಗಡಿಬಿಡಿಯಲ್ಲಿ ಎದ್ದು ತಲೆ ಬಡಿಸಿಕೊಂಡು ಹೊರಗೆ ಬಂದ. ಮೂವತ್ತು ದಾಟಿದವನು, ಕಪ್ಪಗೆ, ಉದ್ದಕ್ಕೆ. ಹಣೆಯ ಮೇಲೆ ವಿಭೂತಿ, ಅದರ ಮೇಲೊಂದು ಗ್ರೀಸಿನ ಬರೆ.

"ಅಯ್ಯೋ, ತಪ್ಪಾಯ್ತು ಅಕ್ಕಾವ್ರೇ. ಕೆಂಚಪ್ಪ ಅಂದ್ಕಂಡೆ."

"ಇರ್ಲಿ ಬಿಡಿ" ಅಂದೆ.

ನನಗೆ ನಗು ಬರಬೇಕಾಗಿತ್ತು. ಬರಲಿಲ್ಲ. ಆ ಕಾಲದಲ್ಲಿ ನನಗೆ ಏನೂ ಬರುತ್ತಿರಲಿಲ್ಲ.

ಊರಿನವರು ಅದನ್ನು ದುಃಖ ಅನ್ನುತ್ತಿದ್ದರು. ದುಃಖವಾಗಿದ್ದರೆ ನನಗೂ ಗೊತ್ತಾಗುತ್ತಿತ್ತು. ಒಂದೇ ಮಗ್ಗುಲಲ್ಲಿ ಮಲಗಿ ಎದ್ದರೆ ಕೈ ಜೋಮು ಹಿಡಿದಿರುತ್ತದಲ್ಲ, ಚಿವುಟಿದರೂ ಇನ್ಯಾರದೋ ಕೈ ಅನ್ನಿಸುತ್ತದಲ್ಲ, ಹಾಗೆ ಇತ್ತು. ಬೆಳಿಗ್ಗೆ ಏಳುತ್ತಿದ್ದೆ, ರೊಟ್ಟಿ ತಟ್ಟುತ್ತಿದ್ದೆ, ಓಣಿಯ ಹೆಂಗಸರ ರವಿಕೆ ಹೊಲಿಯುತ್ತಿದ್ದೆ. ಎಲ್ಲವೂ ನೇರ ಹೊಲಿಗೆ. ಯಾರೂ ತಪ್ಪು ಹಿಡಿಯುವಂತಿರಲಿಲ್ಲ.

ಕಾರು ನನ್ನ ಗಂಡ ಸೋಮಶೇಖರನದು. ಚಿಕ್ಕಮಗಳೂರಿನ ಕಡೆ ಕಾಫಿ ತೋಟ ಇಟ್ಟುಕೊಂಡಿದ್ದ ಇಂಗ್ಲಿಷ್ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಇವನು ಅದನ್ನು ಕೊಂಡು ತಂದ. ಮಾರಿಸ್ ಮೈನರ್, ಬೂದು ಬಣ್ಣ, ಆಮೆಯ ಬೆನ್ನು. ದೊರೆ ಅದನ್ನು ಹಡಗಿನಲ್ಲಿ ತರಿಸಿದ್ದಂತೆ, ಹಾಗಾಗಿ ಅದರಲ್ಲಿ ಹೀಟರ್ ಇತ್ತು. ಮದುವೆಯಾದ ಡಿಸೆಂಬರಿನಲ್ಲಿ ನಾವಿಬ್ಬರೂ ಅದರಲ್ಲಿ ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು. ಮುಂದಿನ ಮಳೆಗಾಲಕ್ಕೆ ಅವನಿಗೆ ಕಾಮಾಲೆಯಾಯಿತು. ಮಳೆ ಮುಗಿಯುವಷ್ಟರಲ್ಲಿ ಅವನೂ ಮುಗಿದ. ಕಾರನ್ನು ಶೆಡ್ಡಿಗೆ ತಳ್ಳಿದರು, ಮೇಲೆ ಕೊಬ್ಬರಿ ಚೀಲ ಬಿದ್ದವು, ಒಳಗೆ ಇಲಿ ಸಂಸಾರ ಹೂಡಿತು.

ಎಪ್ಪತ್ತೆಂಟರ ಚಳಿಗಾಲದಲ್ಲಿ ಮಾವ ಗಂಗಾಧರಯ್ಯನವರು ಕಾರನ್ನು ಮಾರುವುದೆಂದು ತೀರ್ಮಾನ ಮಾಡಿದರು. ಶಿವಮೊಗ್ಗದವರೊಬ್ಬರು ಒಪ್ಪಿದ್ದರು. ಸಂಕ್ರಾಂತಿ ಕಳೆದ ಮೇಲೆ ಬಂದು ಒಯ್ಯುತ್ತಾರೆ, ಅಷ್ಟರೊಳಗೆ ಓಡುವ ಹಾಗಾಗಬೇಕು. ಅದಕ್ಕೇ ತರೀಕೆರೆಯಿಂದ ಮೆಕ್ಯಾನಿಕ್ ದೇವೀರಪ್ಪನನ್ನು ಕರೆಸಿದ್ದು.

ಮಧ್ಯಾಹ್ನದ ಊಟಕ್ಕೆ ಅವನು ಮಾವನ ಜೊತೆ ಕೂತಿದ್ದ. ಯಾವ ಮಠದವರು, ಅಪ್ಪ ಯಾರು, ಮದುವೆಯಾಗಿದೆಯಾ ಅಂತ ಅತ್ತೆ ತೀರ್ಥಮ್ಮ ಆಗಲೇ ಕೇಳಿ ಮುಗಿಸಿದ್ದರು. ನಮ್ಮವನೇ, ಅಪ್ಪ ಅಮ್ಮ ಇಲ್ಲ, ಮದುವೆಯಾಗಿಲ್ಲ. ಯಾಕಪ್ಪಾ ಅಂದಿದ್ದಕ್ಕೆ "ಗ್ಯಾರೇಜಿಗೆ ಬರೋರೆಲ್ಲ ಕಾರ್ ತತ್ತಾರೆ ಅಮ್ಮ, ಹೆಣ್ ತರಲ್ಲ" ಅಂದನಂತೆ.

"ಎಂಜಿನ್ ಏಳುತ್ತೆ ಯಜಮಾನ್ರೇ. ಬ್ರೇಕ್ ಮಾಡ್ಕೊಡ್ತೀನಿ. ಟೈರ್ ಕಡೂರಲ್ಲಿ ಸಿಗ್ತವೆ. ಹೀಟರ್ ಮಾತ್ರ ಬಿಚ್ಚಿ ಬಿಸಾಕಣ."

"ಹೀಟರೂ ಕೆಲಸ ಮಾಡ್ಬೇಕು" ಅಂದೆ.

ಮಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆ ಮನೆಯಲ್ಲಿ ನಾನು ಬೇಕು ಅನ್ನುವ ಮಾತು ಆಡಿ ಎಷ್ಟೋ ಕಾಲವಾಗಿತ್ತು.

"ಅಕ್ಕಾವ್ರೇ, ಅಜ್ಜಂಪುರದಲ್ಲಿ ಹೀಟರ್ ಹಾಕ್ಕಂಡ್ ಓಡಾಡಿದ್ರೆ ಜನ ಹಿಡ್ಕಂಡೋಗಿ ಆಸ್ಪತ್ರೆಗೆ ಸೇರಿಸ್ತಾರೆ."

"ಆದ್ರೂ ಬೇಕು. ಮಾರೋ ಮೊದ್ಲು ಒಂದ್ಸಲ ಅದ್ರಲ್ಲಿ ಕೂತ್ಕೋಬೇಕು."

"ಯಾಕೆ ಅಂತ ಕೇಳ್ಬೋದಾ?"

"ಕೇಳ್ಬೋದು" ಅಂದು ಅವನ ಎಲೆಗೆ ಪಲ್ಯ ಬಡಿಸಿ ಒಳಗೆ ಹೋದೆ.

ಕಾರಣ ಹೇಳಲಿಕ್ಕೆ ನಾಚಿಕೆಯಾಗುವಷ್ಟು ಸಣ್ಣದು. ಸೋಮಶೇಖರನ ಮುಖ ಫೋಟೋದಲ್ಲಿ ಇತ್ತು, ಫೋಟೋ ಬಿಟ್ಟರೆ ಇನ್ನೆಲ್ಲಿಯೂ ಇರಲಿಲ್ಲ. ಅವನ ದನಿ ಹೇಗಿತ್ತು ಅಂತ ಎಷ್ಟು ತಡಕಿದರೂ ಸಿಗುತ್ತಿರಲಿಲ್ಲ. ನೆನಪಿದ್ದದ್ದು ಒಂದೇ. ಆ ಘಾಟಿಯಲ್ಲಿ, ಆ ಚಳಿಯಲ್ಲಿ ನನ್ನ ಪಾದಗಳು ಬೆಚ್ಚಗಿದ್ದವು. ಅದೂ ಹೋಗಿದೆಯೋ, ಇನ್ನೂ ನನ್ನಲ್ಲಿ ಇದೆಯೋ ಅಂತ ನನಗೆ ಒಮ್ಮೆ ನೋಡಿಕೊಳ್ಳಬೇಕಿತ್ತು. ಕಾರು ಶಿವಮೊಗ್ಗಕ್ಕೆ ಹೋಗಿಬಿಟ್ಟರೆ ಆಮೇಲೆ ನೋಡುವ ದಾರಿ ಇರಲಿಲ್ಲ.

ಮರುದಿನ ದೇವೀರಪ್ಪ ಬಾನೆಟ್ ಎತ್ತಿ ನನ್ನನ್ನು ಕರೆದು ತೋರಿಸಿದ. ಹೀಟರ್ ಡಬ್ಬಿ ಸರಿಯಾಗಿಯೇ ಇತ್ತು. ಕೆಟ್ಟದ್ದು ಅದಕ್ಕೆ ಗಾಳಿ ಒಯ್ಯುವ ಪೈಪು, ತೋಳಿನಷ್ಟು ದಪ್ಪ, ಎಂಜಿನ್ನಿನ ಪಕ್ಕದಲ್ಲಿ ಹಾವಿನಂತೆ ಬಳುಕಿ ಹೋಗುವಂಥದ್ದು. ಒಳಗೆ ಸುರುಳಿ ತಂತಿ, ಮೇಲೆ ಅಂಟು ಬಟ್ಟೆ. ಬಟ್ಟೆಯನ್ನು ಇಲಿಗಳು ಪೂರಾ ತಿಂದಿದ್ದವು. ತಂತಿ ಬರಿಯ ಎಲುಬಿನ ಹಾಗೆ ನಿಂತಿತ್ತು.

"ಇಲಿಗೂ ನಿಮ್ಮಂಗೇ ಚಳಿ ಅಂತ ಕಾಣುತ್ತೆ" ಅಂದು ಓರೆಗಣ್ಣಿನಲ್ಲಿ ನನ್ನ ಮುಖ ನೋಡಿದ. ಮುಖದಲ್ಲಿ ಏನೂ ಸಿಕ್ಕಿರಲಿಕ್ಕಿಲ್ಲ. ಪಾಪ, ಮತ್ತೆ ತಂತಿಯ ಕಡೆ ತಿರುಗಿದ.

ಆ ಪೈಪಿನ ಬೇಟೆ ಶುರುವಾಯಿತು. ಸಂಜೆ ತರೀಕೆರೆಯ ಬಸ್ಸಿನಿಂದ ಇಳಿಯುವಾಗ ಅವನ ಕಂಕುಳಲ್ಲಿ ಏನಾದರೊಂದು ಇರುತ್ತಿತ್ತು. ಕಡೂರಿನ ಲಾರಿ ಸ್ಪೇರ್ ಅಂಗಡಿಗೆ ಹೋಗಿ ಹೀಟರ್ ಪೈಪು ಕೇಳಿದರೆ, ಸ್ನಾನದ್ದಾ, ಇಸ್ತ್ರಿದಾ ಅಂತ ಕೇಳಿದರಂತೆ. ಬೀರೂರು ಜಂಕ್ಷನ್ನಿನ ಗುಜರಿಯಲ್ಲಿ ಸಿಕ್ಕ ರೈಲಿನ ಬ್ರೇಕ್ ಹೋಸು ಅವನ ಸ್ಪ್ಯಾನರಿಗಿಂತ ಬಿರುಸಾಗಿತ್ತು. ಲಕ್ಕವಳ್ಳಿ ಡ್ಯಾಮಿನಲ್ಲಿ ಫಿಟ್ಟರ್ ಆಗಿದ್ದಾಗಿನ ಸ್ನೇಹಿತನಿಂದ ಬೆಂಕಿ ಆರಿಸುವ ಹಳೇ ಕ್ಯಾನ್ವಾಸ್ ಪೈಪು ತಂದ, ಅದು ಬಗ್ಗಲಿಲ್ಲ. ಭತ್ತದ ಮಿಲ್ಲಿನ ಹೊಟ್ಟು ತೂರುವ ಬಟ್ಟೆ ಕೊಳವೆ ತಂದ, ಅದರಲ್ಲಿ ಒಂದು ಮಗು ಮಲಗಬಹುದಾಗಿತ್ತು.

ಲಾರಿ ಟ್ಯೂಬು ಕತ್ತರಿಸಿ ಸುತ್ತಿ ನೋಡಿದ ದಿನ ಎಂಜಿನ್ ಬಿಸಿಯಾದದ್ದೇ ತಡ, ಸುಟ್ಟ ರಬ್ಬರಿನ ನಾತ ಓಣಿಗೆಲ್ಲ ಹರಡಿತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು.

"ಏನಪ್ಪಾ ಇದು, ಮಾರೋ ಕಾರನ್ನ ಇಲ್ಲೇ ಸುಟ್ಬಿಡ್ತೀಯೇನಪ್ಪಾ?"

"ಇಲ್ಲ ಅಮ್ಮ, ನಿಮ್ ಸೊಸೆ ಬಿಸಿ ಕೇಳಿದ್ರಲ್ಲ. ಕೊಡ್ತಾ ಇದೀನಿ."

ಅತ್ತೆ ನಕ್ಕರು. ನಕ್ಕು, ನಾನು ನಕ್ಕೆನಾ ಅಂತ ತಿರುಗಿ ನೋಡಿದರು. ಒಬ್ಬನೇ ಮಗನನ್ನು ಕಳೆದುಕೊಂಡ ಆ ಹೆಂಗಸಿಗೆ ನನ್ನ ಮುಖ ನೋಡುವುದೊಂದು ಕೆಲಸವಾಗಿಬಿಟ್ಟಿತ್ತು.

ನಾನು ಅವನನ್ನು ಕಾಯುತ್ತಿದ್ದೆ ಅಂತ ಹೇಳಲಾರೆ. ಸಂಜೆಯ ಬಸ್ಸಿನ ಹಾರ್ನ್ ಕೇಳುವ ಹೊತ್ತಿಗೆ ನಾನು ಹಾಕಿದ ಒಗ್ಗರಣೆ ಸೀಯುತ್ತಿತ್ತು, ಅಷ್ಟೇ.

ಒಂದು ದಿನ ಅವನು ಬರಿಗೈಲಿ ಬಂದ. ಶೆಡ್ಡಿನ ಕಲ್ಲಿನ ಮೇಲೆ ಕೂತು ತಂತಿಯ ಸುರುಳಿಯನ್ನು ಹಿಗ್ಗಿಸಿ ಬಿಡುತ್ತಿದ್ದ, ಹಿಗ್ಗಿಸಿ ಬಿಡುತ್ತಿದ್ದ.

"ಆಗಲ್ಲ ಅಂತ ಹೇಳೋಕೆ ಬಂದ್ರಾ?"

"ಹೇಳೋಕೆ ಬಂದೆ. ಬಾಯೇ ಬರ್ತಿಲ್ಲ."

ಆ ಮಾತಿಗೆ ನನಗೆ ಏನೂ ಅನ್ನಿಸಲಿಲ್ಲ. ಆದರೆ ಕೈ ಮುಂದೆ ಹೋಗಿ ಅವನಿಂದ ಸುರುಳಿಯನ್ನು ಇಸಿದುಕೊಂಡಿತು. "ಎಲುಬು ಚೆನ್ನಾಗಿದೆ. ಚರ್ಮ ನಾನು ಹೊಲಿತೀನಿ" ಅಂದೆ.

ಮಾವನ ಹಳೇ ಪಂಚೆಗಳನ್ನು ಪಟ್ಟಿ ಪಟ್ಟಿಯಾಗಿ ಹರಿದು, ತಂತಿಯ ಮೇಲೆ ಓರೆಯಾಗಿ ಸುತ್ತಿ, ಸುತ್ತಿಗೆ ಸುತ್ತು ಸೇರಿಸಿ ಹೊಲಿದೆ. ಕುರುಬರು ಕಂಬಳಿಗೆ ಹಾಕುವ ಹುಣಸೆಬೀಜದ ಗಂಜಿಯಂಥ ಸರಿಯನ್ನೇ ಕಾಯಿಸಿ ಬಳಿದೆ. ಒಣಗಿದಾಗ ಕೊಂಬಿನ ಹಾಗೆ ಗಟ್ಟಿಯಾಗಿ, ಆದರೂ ಬಳುಕುವಂತಿತ್ತು. ಮಾರನೆಯ ಸಂಜೆ ದೇವೀರಪ್ಪ ಅದನ್ನು ತಿರುತಿರುಗಿಸಿ ನೋಡಿದ. ಅವನ ಕಣ್ಣು ಪೈಪಿನಿಂದ ನನ್ನ ಬೆರಳಿಗೆ, ಬೆರಳಿನಿಂದ ಪೈಪಿಗೆ ಓಡಾಡಿತು.

"ಸೋರುತ್ತಾ ನೋಡಣ. ಆ ತುದಿಗೆ ಅಂಗೈ ಇಡಿ."

ಒಂದು ತುದಿಗೆ ಬಾಯಿಟ್ಟು ಊದಿದ. ಇನ್ನೊಂದು ತುದಿಯಲ್ಲಿ ನನ್ನ ಅಂಗೈ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವನ ಉಸಿರು ಬಂತು. ಬೆಚ್ಚಗೆ, ಸ್ವಲ್ಪ ಹುಣಸೆಯ ವಾಸನೆ.

"ಬತ್ತಾ?"

"ಬಂತು."

"ಇನ್ನೊಂದ್ಸಲ?"

"ಊದಿ."

ಎರಡನೇ ಸಲ ಊದುವ ಅಗತ್ಯ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಊದುತ್ತ ಊದುತ್ತ ಪೈಪಿನ ಮೇಲಿಂದ ನನ್ನನ್ನು ನೋಡಿದ. ಕೆನ್ನೆ ಉಬ್ಬಿಸಿಕೊಂಡ ಗಂಡಸು ಚೆನ್ನಾಗಿ ಕಾಣುವುದು ಸಾಧ್ಯವಿಲ್ಲ. ಅವನು ಕಂಡ. ನಾನು ಕಣ್ಣನ್ನು ಹೊಲಿಗೆಯ ಕಡೆ ತಿರುಗಿಸಿದೆ.

"ಪಟ್ಟಿ ಪಟ್ಟಿ ಸೇರೋ ಕಡೆ ಎಲ್ಲ ಸೋರ್ತಿದೆ. ಜಾಯಿಂಟ್ ಇಲ್ದೇ ಇರೋ ಬಟ್ಟೆ ಬೇಕು. ಐದಾರು ಗಜ, ಒಂದೇ ಉದ್ದ."

"ನಾಳೆ ತತ್ತೀನಿ" ಅಂದ.

ಮರುದಿನ ಓಣಿಯ ಆ ತುದಿಯಲ್ಲಿ ರವಿಕೆಯ ಅಳತೆ ತೆಗೆದುಕೊಂಡು ಮನೆಗೆ ಬಂದಾಗ ಅತ್ತೆ ದೇವರ ಜಗಲಿಯ ಮುಂದೆ ಕೂತಿದ್ದರು. ದೀಪ ಹಚ್ಚಿತ್ತು. ದೀಪದ ಮುಂದೆ ಹಿತ್ತಾಳೆ ತಟ್ಟೆಯಲ್ಲಿ ಒಂದು ಹೊಸ ಸೀರೆ ಇತ್ತು. ಎಲೆಹಸಿರು ಒಡಲು, ಸಾಸಿವೆ ಬಣ್ಣದ ಅಂಗೈಯಗಲದ ಅಂಚು. ಮೇಲೆ ಎಲೆ ಅಡಿಕೆ, ಅರಿಶಿನದ ಕೊಂಬು.

"ಯಾರ್ದು ಅತ್ತೆ?"

"ನಿಂದು ಕಣೇ. ದೇವೀರಪ್ಪ ಬಂದಿದ್ದ. ನನ್ನ ಕೈಗಿಟ್ಟು, ಇದನ್ನ ಮಲ್ಲಿಕಮ್ಮಾವ್ರಿಗೆ ಕೊಡಿ ಅಂದ. ಕೂತ್ಕಳ್ಲೂ ಇಲ್ಲ. ಬಸ್ಸಿಗೆ ಹೊತ್ತಾಯ್ತು ಅಂತ ಓಡ್ಬಿಟ್ಟ. ನಾಚ್ಕೆ ಪಾಪ."

ನಮ್ಮ ಮನೆಗಳಲ್ಲಿ ಗಂಡ ಸತ್ತವಳಿಗೆ ಎರಡನೇ ಸಲ ಚಪ್ಪರ, ವಾಲಗ ಯಾವುದೂ ಇಲ್ಲ. ಒಬ್ಬ ಗಂಡಸು ಹೊಸ ಸೀರೆ ತಂದುಕೊಡುತ್ತಾನೆ. ಅವಳು ಅದನ್ನು ಉಟ್ಟುಕೊಂಡರೆ ಅವನ ಹೆಂಡತಿ. ಅದಕ್ಕೆ ಉಡಿಕೆ ಅನ್ನುತ್ತಾರೆ. ಹಾಗಾಗಿ ಹೊರಗಿನ ಗಂಡಸು ಅಂಥವಳ ಮನೆಗೆ ಸೀರೆ ತಂದರೆ ಅದಕ್ಕೆ ಇನ್ನೊಂದು ಅರ್ಥವೇ ಇಲ್ಲ, ಕರವಸ್ತ್ರ ಕೊಡುವುದಕ್ಕೂ ಜನ ಯೋಚನೆ ಮಾಡುತ್ತಾರೆ.

ಐದಾರು ಗಜ, ಒಂದೇ ಉದ್ದ, ಜಾಯಿಂಟ್ ಇಲ್ಲದ ಬಟ್ಟೆ ನಾನೇ ಕೇಳಿದ್ದೆ. ಬಾಯಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡಿದ್ದರು.

"ನೋಡು ಮಲ್ಲಿ, ಉಡು ಅಂತ ನಾನು ಹೇಳಲ್ಲ, ಬಿಡು ಅಂತಾನೂ ಹೇಳಲ್ಲ. ನನ್ ಮಗ ಹೋದ, ಸರಿ. ನೀನು ಯಾಕೇ ಹೋದೆ? ಈ ಮನೇಲಿ ಓಡಾಡೋದು ನೀನಲ್ಲ ಕಣೇ, ನಿನ್ನ ಸೀರೆ."

ಅದು ಪೈಪಿಗೆ ಅಂತ ನಾನು ಹೇಳಲಿಲ್ಲ. ಅರಿಶಿನದ ಕೊಂಬು ಯಾಕೆ ಅಂತ ಯೋಚಿಸುತ್ತಿದ್ದೆ. ಪೈಪಿನ ಬಟ್ಟೆಗೆ ಅರಿಶಿನದ ಕೊಂಬು ಯಾಕೆ ಇಡುತ್ತಾನೆ?

ಬೆಳಿಗ್ಗೆ ಮಾವ ಪಡಸಾಲೆಗೆ ಜಮಖಾನ ಹಾಸಿಸಿದರು. ಶುಭ್ರ ಅಂಗಿ ತೊಟ್ಟು ತಲೆಗೆ ರುಮಾಲು ಸುತ್ತಿ ಕೂತರು. ಅತ್ತೆ ಶ್ಯಾವಿಗೆ ಪಾಯಸಕ್ಕಿಟ್ಟರು. ದೇವೀರಪ್ಪ ಮೊದಲ ಬಸ್ಸಿಗೆ ಬಂದ, ಎಂದಿನ ಖಾಕಿ ಪ್ಯಾಂಟು, ಕೈಯಲ್ಲಿ ಸ್ಕ್ರೂಡ್ರೈವರ್. ಸೀದಾ ಶೆಡ್ಡಿನ ಕಡೆ ಹೊರಟವನನ್ನು ಮಾವ ಕರೆದರು.

"ಬಾಪ್ಪ. ಇತ್ಲಾಗ್ ಬಾ. ಮೇಲೆ ಕೂತ್ಕೋ."

"ಪ್ಯಾಂಟಲ್ಲಿ ಗ್ರೀಸಿದೆ ಯಜಮಾನ್ರೇ."

"ಇರ್ಲಿ ಬಿಡು. ಇನ್ನೇನು ಹೊರಗಿನವನಾ ನೀನು?"

ಜಮಖಾನದ ತುದಿಯಲ್ಲಿ ಕೂತ. ಅತ್ತೆ ಪಾಯಸದ ಬಟ್ಟಲು ತಂದಿಟ್ಟರು. ಬಟ್ಟಲನ್ನು ನೋಡಿದ, ರುಮಾಲನ್ನು ನೋಡಿದ, ಅಡಿಗೆಮನೆಯ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದ.

"ಅಕ್ಕಾವ್ರೇ, ಬಟ್ಟೆ ಸುತ್ತಿದ್ದಾಯ್ತಾ? ಉದ್ದ ಸಾಕಾಯ್ತಾ?"

ಮಾವ ಕೆಮ್ಮಿದರು. "ನಮ್ಮ ಸೊಸೆ ಇನ್ನೂ ಉಟ್ಟಿಲ್ಲಪ್ಪ. ಅವಸರ ಮಾಡ್ಬೇಡ. ನಿನ್ನ ಕಡೆ ಹಿರಿಯರು ಅಂತ ಯಾರನ್ನ ಮಾತಾಡಿಸ್ಬೇಕು?"

ದೇವೀರಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆದದ್ದು ಕಾಣಿಸಿತು. ಕಿವಿಯಿಂದ ಶುರುವಾಗಿ ಮುಖವೆಲ್ಲ ಕೆಂಪಗಾಯಿತು, ಕಪ್ಪು ಮುಖ ಕೆಂಪಾಗುವುದನ್ನು ನಾನು ಮೊದಲ ಸಲ ನೋಡಿದೆ. ಎದ್ದು ನಿಂತುಬಿಟ್ಟ.

"ಅಯ್ಯಯ್ಯೋ, ಯಜಮಾನ್ರೇ, ಅದು ಅದಕ್ಕಲ್ಲ... ಪೈಪಿಗೆ! ಉದ್ದ ಬಟ್ಟೆ ಬೇಕು ಅಂದ್ರು. ಸೀರೆಗಿಂತ ಉದ್ದ ಇನ್ನೇನಿದೆ ಅಂತ ತಂದೆ. ಎಲೆ ಅಡಿಕೆ ಎಲ್ಲ ಅಂಗಡಿಯೋನೇ ಇಟ್ಟ. ದೇವರಾಣೆ, ಅಕ್ಕಾವ್ರ ಬಗ್ಗೆ ನಾನು ಅಂಥ ಯೋಚ್ನೆ..."

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದರು. ಮಾವ ರುಮಾಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಶ್ಯಾವಿಗೆಯ ಘಮ ಮಾತ್ರ ಪಡಸಾಲೆಯಲ್ಲಿ ಸುಮ್ಮನೆ ಓಡಾಡುತ್ತಿತ್ತು.

ಆಗ ನನಗೆ ಚುರ್ರೆಂದಿತು. ಎದೆಯ ಎಡಗಡೆ, ಸರಿಯಾಗಿ ಅಲ್ಲೇ. ಜೋಮು ಬಿಡುವಾಗ ಸೂಜಿ ಚುಚ್ಚಿದ ಹಾಗಾಗುತ್ತದಲ್ಲ, ಹಾಗೆ. ನನಗೆ ಬೇಜಾರಾಗಿತ್ತು. ಆ ಸೀರೆ ಪೈಪಿಗೆ ಮಾತ್ರ ಅಂತ ಅವನು ಹೇಳಿದ್ದಕ್ಕೆ, ಅಷ್ಟು ಗಾಬರಿಯಲ್ಲಿ ಹೇಳಿದ್ದಕ್ಕೆ ನನಗೆ ತುಂಬ ಬೇಜಾರಾಗಿತ್ತು. ನೋವಾಯಿತು ಅನ್ನುವುದಕ್ಕಿಂತ ನೋವು ಆಯಿತಲ್ಲ ಅನ್ನುವುದೇ ನನಗೆ ಆಶ್ಚರ್ಯ. ಹಿಂದೆಯೇ ಸಿಟ್ಟೂ ಬಂತು.

ಜಗಲಿಯ ಮುಂದಿನ ತಟ್ಟೆಯಿಂದ ಸೀರೆ ಎತ್ತಿಕೊಂಡೆ. ಪಡಸಾಲೆಗೆ ತಂದು, ಎಲ್ಲರ ಎದುರಿಗೆ, ಹಲ್ಲಿನಿಂದ ಒಂದು ಕಡೆ ಕಚ್ಚಿ ಪರ್ರೆಂದು ಉದ್ದಕ್ಕೆ ಹರಿದೆ.

"ಮಲ್ಲೀ!" ಅತ್ತೆ ಕೂಗಿದರು.

"ಪೈಪಿಗಂತೆ ಅತ್ತೆ. ಪೈಪಿಗೆ ಇಡೀ ಸೀರೆ ಸುತ್ತೋಕಾಗುತ್ತಾ?"

ಮತ್ತೊಂದು ಪಟ್ಟಿ ಹರಿದೆ. ದೇವೀರಪ್ಪ ಹರಿಯುವ ಒಂದೊಂದು ಸದ್ದಿಗೂ ಕಣ್ಣು ಮುಚ್ಚಿ ತೆರೆಯುತ್ತಿದ್ದ. ಪಾಯಸ ಮುಟ್ಟದೆ ಶೆಡ್ಡಿಗೆ ಹೋದ. ಅಂದಿನಿಂದ ಅವನಿಗೆ ನನ್ನನ್ನು ಏನಂತ ಕರೆಯಬೇಕು ತಿಳಿಯದಾಯಿತು. ಅಕ್ಕಾವ್ರೇ ಅನ್ನಲು ನಾಲಿಗೆ ಹೊರಳಲಿಲ್ಲ, ಹೆಸರು ಹಿಡಿಯಲು ಧೈರ್ಯ ಇರಲಿಲ್ಲ. ಎಲ್ಲ ಮಾತನ್ನೂ "ಅದೂ..." ಅಂತ ಶುರು ಮಾಡುತ್ತಿದ್ದ.

ಹಸಿರು ಪಟ್ಟಿಯನ್ನು ತಂತಿಗೆ ಸುತ್ತಿದೆ, ಹೊಲಿದೆ, ಸರಿ ಬಳಿದೆ, ಒಣಗಿಸಿದೆ. ಎಲ್ಲೂ ಸೋರಲಿಲ್ಲ. ಕೊನೆಯ ಸುತ್ತಿಗೆ ಸಾಸಿವೆ ಬಣ್ಣದ ಅಂಚು ಬೇಕೇ ಬೇಕು ಅಂತ ಇರಲಿಲ್ಲ. ಎಂಜಿನ್ನಿನ ಮಸಿಯಲ್ಲಿ ಅದನ್ನು ನೋಡುವವರು ಯಾರು? ಆದರೂ ಎರಡೂ ತುದಿಗೆ ಅಂಚು ಹೊರಗೆ ಕಾಣುವ ಹಾಗೆ ಸುತ್ತಿದೆ. ಜೋಡಿಸುವಾಗ ದೇವೀರಪ್ಪ ಅದರ ಮೇಲೆ ಹೆಬ್ಬೆರಳು ಆಡಿಸಿದ್ದನ್ನು ನೋಡಿದೆ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಆಮೇಲೆ ಮುಟ್ಟಿದ್ದ.

ಸಂಕ್ರಾಂತಿಗೆ ಮೊದಲು ಒಂದು ಬೆಳಗಿನ ಜಾವ ಹೊರಟೆವು. ಟ್ರಯಲ್ ನೋಡಲು ಕೆಮ್ಮಣ್ಣುಗುಂಡಿಯ ಘಾಟಿಯೇ ಆಗಬೇಕು, ಚಳಿ ಇರುವುದು ಅಲ್ಲಿ. ಕಾವಲಿಗೆ ಅಂತ ಅತ್ತೆ ಬಂದರು. ನಾನು ಹಿಂದೆ ಹತ್ತಲು ಹೋದರೆ ತಡೆದರು.

"ಹೀಟರ್ ಬೇಕು ಅಂದೋಳು ನೀನು. ಮುಂದೆ ಕೂತ್ಕೋ. ನಂಗೆ ಶಾಲಿದೆ."

ತರೀಕೆರೆ ದಾಟಿದೆವು. ಲಿಂಗದಹಳ್ಳಿ ಕಳೆದು ಏರು ಶುರುವಾದಾಗ ಅತ್ತೆಯ ಗೊರಕೆಯೂ ಶುರುವಾಯಿತು. ಗಾಜಿನ ಮೇಲೆ ಮಂಜು ಕೂತಿತು. ನನ್ನ ಪಾದಗಳು ಕಲ್ಲಾಗಿದ್ದವು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತಿದ್ದೆ.

"ಅದೂ... ಹಾಕ್ಲಾ?"

"ಹಾಕಿ."

ಬಟನ್ ಒತ್ತಿದ. ಗುಯ್ಯೆಂದು ಸದ್ದಾಯಿತು. ಮೊದಲು ಧೂಳು ಬಂತು, ಆಮೇಲೆ ಹುಣಸೆಬೀಜದ ವಾಸನೆ, ಆಮೇಲೆ ಬರಿಯ ತಣ್ಣನೆ ಗಾಳಿ. ನಾನು ಕಾದೆ. ಒಂದು ತಿರುವು ಹೋಯಿತು, ಇನ್ನೊಂದು ಹೋಯಿತು. ಏನೂ ಬರುವುದಿಲ್ಲ, ನನ್ನಲ್ಲಿ ಏನೂ ಉಳಿದಿಲ್ಲ ಅಂತ ಅಂದುಕೊಳ್ಳುವಷ್ಟರಲ್ಲಿ ಹೆಬ್ಬೆರಳಿನ ತುದಿಗೆ ಬಿಸಿ ತಾಕಿತು. ಆಮೇಲೆ ಕಾಲುಂಗುರದ ಬಿಳಿ ಗೆರೆಗೆ. ಆಮೇಲೆ ಇಡೀ ಪಾದಕ್ಕೆ.

ಅದರ ಜೊತೆಗೇ ಸೋಮಶೇಖರನ ದನಿ ಬಂತು. ಪ್ರೀತಿಯ ಮಾತೇನಲ್ಲ. ಇದೇ ತಿರುವಿನಲ್ಲಿ ಎತ್ತಿನ ಗಾಡಿಯೊಂದು ಅಡ್ಡ ಬಂದಿತ್ತು. ಇವನು ತಲೆ ಹೊರಗೆ ಹಾಕಿ "ಏನ್ರೀ, ನಿಮ್ ಎತ್ತಿಗೆ ಲೈಸೆನ್ಸ್ ಇದೆಯಾ?" ಅಂತ ರೇಗಿದ್ದ. ಗಾಡಿಯವನು ತಣ್ಣಗೆ "ಎತ್ತಿಗೆ ಬ್ರೇಕಿದೆ ಸ್ವಾಮಿ, ನಿಮ್ದಕ್ಕಿದೆಯಾ ನೋಡ್ಕಳಿ" ಅಂದಿದ್ದ. ಸ್ವಲ್ಪ ಕೀರಲು ದನಿ ಸೋಮಶೇಖರನದು. ರೇಗಿದರೆ ಇನ್ನೂ ಕೀರಲಾಗುತ್ತಿತ್ತು. ಅಯ್ಯೋ, ಅದೇ ದನಿ.

ನಾನು ನಕ್ಕುಬಿಟ್ಟೆ. ಗಟ್ಟಿಯಾಗಿ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಅದು ನಿಲ್ಲಲಿಲ್ಲ. ಅವನು ಸತ್ತು ಮೂರು ವರ್ಷವಾದ ಮೇಲೆ ಆ ಕಾರಿನಲ್ಲಿ ಕೂತು ನಾನು ಅವನಿಗಾಗಿ ಅತ್ತುಬಿಟ್ಟೆ.

ದೇವೀರಪ್ಪ ಕಾರು ನಿಲ್ಲಿಸಲಿಲ್ಲ, ಏನಾಯ್ತು ಅಂತ ಕೇಳಲೂ ಇಲ್ಲ. ಮೆಲ್ಲಗೆ ಓಡಿಸಿದ. ಹಿಂದಿನಿಂದ ಗೊರಕೆ ಕೇಳಿಸುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡೆ.

"ಕಾರು ಇನ್ನು ಶಿವಮೊಗ್ಗಕ್ಕೆ ಹೋಗ್ಲಿ" ಅಂದೆ.

"ಅದೂ... ಬಿಸಿ ಸಾಕಾ?"

"ಸಾಕು." ಸೆರಗು ಸರಿಮಾಡಿಕೊಂಡು ಕೇಳಿದೆ. "ಪೈಪಿಗೆ ಕರಿ ಬಟ್ಟೆ ನಡೀತಿತ್ತಲ್ಲ. ಹಸಿರು ಯಾಕೆ ತಂದ್ರಿ? ಅಷ್ಟಗಲದ ಅಂಚು ಯಾಕೆ?"

ಅವನು ರಸ್ತೆ ನೋಡುತ್ತಿದ್ದ. ಅಷ್ಟೊಂದು ನೋಡಬೇಕಾದ್ದು ಆ ರಸ್ತೆಯಲ್ಲಿ ಏನೂ ಇರಲಿಲ್ಲ.

"ಅಂಗಡಿಯೋನು ಗಂಟು ಬಿಚ್ಚಿ ಎಲ್ಲ ಹರಡಿದ. ಯಾರಿಗೆ, ಹೆಂಗಿದಾರೆ, ಬಣ್ಣ ಯಾವ್ದು ಒಪ್ಪುತ್ತೆ ಅಂತ ಕೇಳ್ದ." ಗೇರ್ ಬದಲಿಸಿದ. "ಪೈಪಿಗೆ ಅಂತ ಹೇಳ್ಬೇಕಿತ್ತು. ಹೇಳ್ಲಿಲ್ಲ. ನೀವು ಹೆಂಗಿದೀರ ಅಂತ ಹೇಳ್ದೆ. ಅದಕ್ಕೇ ಅವನು ಅರಿಶಿನದ ಕೊಂಬಿಟ್ಟ. ನಾನು ನೋಡ್ತಾ ನಿಂತಿದ್ದೆ. ಬೇಡ ಅನ್ಲಿಲ್ಲ."

"ಮಾವನ ಹತ್ರ ದೇವರಾಣೆ ಹಾಕಿದ್ರಲ್ಲ."

"ಆಣೆ ಹಾಕ್ದೆ, ಮುಗಿಸ್ಲಿಲ್ಲ. ಅಂಥ ಯೋಚ್ನೆ ಅಂತ ಬಂದು ಬಾಯಿ ಕಟ್ಟೋಯ್ತು. ನೀವು ಬಾಗ್ಲಲ್ಲಿ ಮರದಂಗೆ ನಿಂತಿದ್ರಿ. ಬೇಡ ಅನ್ನಿಸ್ಕಳೋ ಮೊದ್ಲು ನಾನೇ ಅಲ್ಲ ಅಂದ್ಬಿಟ್ಟೆ. ನೀವು ಅದನ್ನ ಹರಿಯುವಾಗ ನಂಗೆ ಹೆಂಗಾಯ್ತು ಗೊತ್ತಾ?"

"ಹೆಂಗಾಯ್ತು?"

"ಹೇಳಕ್ ಬರಲ್ಲ."

"ನಂಗೂ ಹಂಗೇ ಆಯ್ತು" ಅಂದೆ.

ತಿರುವಿನಲ್ಲಿ ಬಿಸಿಲು ಗಾಜಿಗೆ ಬಿತ್ತು. ಅವನು ಒಂದು ಗಳಿಗೆ ನನ್ನ ಕಡೆ ತಿರುಗಿದ. ನಾನು ಈ ಸಲ ಕಣ್ಣು ತಿರುಗಿಸಲಿಲ್ಲ.

"ಇನ್ನೊಂದು ಸೀರೆ ತನ್ನಿ."

"ಈ ಪೈಪು ಚೆನ್ನಾಗೇ ಇದೆಯಲ್ಲ?"

"ಪೈಪಿಗಲ್ಲ. ಈ ಸಲ ನಾನು ಹರಿಯಲ್ಲ."

ಕಾರು ರಸ್ತೆಯ ಅಂಚಿಗೆ ಹೋಗಿ, ಕಲ್ಲೊಂದನ್ನು ಹತ್ತಿ ಇಳಿದು, ಮತ್ತೆ ದಾರಿಗೆ ಬಂತು. ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕಣ್ಣು ಮುಚ್ಚಿಕೊಂಡೇ ಇದ್ದ ಅತ್ತೆ ಮೂಗೊರೆಸಿಕೊಂಡರು.

"ರಸ್ತೆ ನೋಡ್ಕಂಡ್ ಓಡ್ಸಪ್ಪ. ಅದೇ ಹಸಿರು ತಾ. ಅವಳಿಗೆ ಒಪ್ಪುತ್ತೆ."